ರೆಕಾರ್ಡ್ ಬುಕ್ಕಿನ ಮೇಲೆ ‘ನಾಳೆ ಬಾ’: ಬಾಕಿ ಬಿದ್ದ ಓದು-ಬರಹ ಮುಗಿಸುವ ದಾರಿ

ಒಂದು ಕಾಲದಲ್ಲಿ ನಮ್ಮ ಊರುಗಳಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ರಾತ್ರಿ ದೆವ್ವ ಬಂದು ಓದಿ, ಸರಿ ಎಂದು ವಾಪಸ್ ಹೋಗುತ್ತದೆ. ಮರುದಿನ ಬಂದರೂ ಅದೇ ಬರಹ, ಮತ್ತೆ ವಾಪಸ್. ದೆವ್ವದ ಮೇಲೆ ಈ ಉಪಾಯ ನಡೆಯಿತೋ ಏನೋ. ಲ್ಯಾಬಿನಲ್ಲಿ ಮಾಡಿದ ಪ್ರಯೋಗಗಳನ್ನು ಬರೆದಿಡುವ ರೆಕಾರ್ಡ್ ಬುಕ್ಕಿನ ಮೇಲೆ ಮಾತ್ರ ನಡೆಯುವುದಿಲ್ಲ. ಅದು ಪ್ರತಿ ವಾರ ಬರುವಾಗ ಇನ್ನೊಂದು ಪ್ರಯೋಗವನ್ನು ಜೊತೆಗೆ ಕರೆದುಕೊಂಡೇ ಬರುತ್ತದೆ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಪಾಠದ್ದಕ್ಕಿಂತ ಇದೇ ಜಾಸ್ತಿ: “ಸರ್, ಮಾಡಬೇಕು ಅಂತ ಗೊತ್ತು, ಆದ್ರೆ ಕೂರೋಕೇ ಆಗಲ್ಲ. ಏನ್ ಮಾಡ್ಲಿ?” ಹೈಸ್ಕೂಲ್ ಮಕ್ಕಳ ಅಪ್ಪ-ಅಮ್ಮಂದಿರು ಕೇಳುವುದೂ ಇದನ್ನೇ. ಎಲ್ಲರಿಗೂ ಒಬ್ಬೊಬ್ಬರಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಉದಾಹರಣೆಗೆ ದ್ವಿತೀಯ ಪಿಯುಸಿಯ ಪ್ರಾಕ್ಟಿಕಲ್ ರೆಕಾರ್ಡನ್ನೇ ಹಿಡಿದಿದ್ದೇನೆ, ಯಾಕೆಂದರೆ ಅದು ಬಾಕಿ ಬೀಳುವಷ್ಟು ಇನ್ಯಾವುದೂ ಬಾಕಿ ಬೀಳುವುದಿಲ್ಲ. ಎಸ್ಸೆಸ್ಸೆಲ್ಸಿಯವರು ಆ ಜಾಗದಲ್ಲಿ ಎಫ್‌ಎ ಚಟುವಟಿಕೆ, ಅಂದರೆ ವರ್ಷದಲ್ಲಿ ನಾಲ್ಕು ಸಲ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಪ್ರಾಜೆಕ್ಟು, ನೋಟ್ಸು ಎಂದು ಓದಿಕೊಳ್ಳಿ. ಇಂಜಿನಿಯರಿಂಗ್‌ನವರು ಅಸೈನ್‌ಮೆಂಟ್ ಎಂದುಕೊಳ್ಳಿ. ದಾರಿ ಒಂದೇ.

ಇದರಲ್ಲಿ ಅಂಕ ಎಷ್ಟಿದೆ ಎಂದು ಮೊದಲು ನೋಡಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಕ್ಕೆ ಥಿಯರಿ 70, ಪ್ರಾಕ್ಟಿಕಲ್ 30. ಲ್ಯಾಬ್ ಇಲ್ಲದ ವಿಷಯಗಳಿಗೂ 2023-24ರಿಂದ 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಹೋಗಿದೆ. 2024ರ ಎಸ್ಸೆಸ್ಸೆಲ್ಸಿಯ 625ರಲ್ಲಿ 125 ಅಂಕ ಶಾಲೆಯೊಳಗೇ ಕೊಡುವಂಥದ್ದು. ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20. ಅಂದರೆ ಐದರಲ್ಲಿ ಒಂದು ಪಾಲು. ಪ್ರಶ್ನೆಪತ್ರಿಕೆ ಕಷ್ಟ ಬಂತು ಎಂದು ಈ ಅಂಕ ಹೋಗುವುದಿಲ್ಲ. ಹೊತ್ತಿಗೆ ಸರಿಯಾಗಿ ಮಾಡಿ ಕೊಡದೇ ಇದ್ದರೆ ಹೋಗುತ್ತದೆ.

ಏನೇನು ಬೇಕು?

ಒಂದು ಹಾಳೆ. ಒಂದು ಪೆನ್ಸಿಲ್. ಒಂದು ಗಡಿಯಾರ, ಕೈಗಡಿಯಾರವೋ ಗೋಡೆಯದ್ದೋ, ಫೋನಿನದ್ದು ಬೇಡ. ಯಾಕೆ ಬೇಡ ಎಂದು ಮುಂದೆ ಹೇಳುತ್ತೇನೆ. ಅಷ್ಟೇ. ಆ್ಯಪ್ ಬೇಡ, ಹೊಸ ಡೈರಿ ಬೇಡ, ಬಣ್ಣದ ಸ್ಕೆಚ್ ಪೆನ್ನು ಖಂಡಿತ ಬೇಡ.

ಸ್ಕೆಚ್ ಪೆನ್ನಿನ ಮೇಲೆ ಯಾಕೆ ಸಿಟ್ಟು ಎಂದರೆ, ನಾನು ನೋಡಿದ ಅತ್ಯಂತ ಚೆಂದದ ಟೈಮ್‌ಟೇಬಲ್‌ಗಳೆಲ್ಲ ಅತ್ಯಂತ ಹಿಂದೆ ಬಿದ್ದ ಮಕ್ಕಳದ್ದು. ಬೆಳಗ್ಗೆ 4.30ಕ್ಕೆ ಏಳುವುದರಿಂದ ಹಿಡಿದು ರಾತ್ರಿ 11ರವರೆಗೆ, ಒಂದೊಂದು ವಿಷಯಕ್ಕೆ ಒಂದೊಂದು ಬಣ್ಣ. ಭಾನುವಾರ ಪೂರ್ತಿ ಅದನ್ನು ಬರೆಯುವುದರಲ್ಲೇ ಕಳೆದಿರುತ್ತದೆ. ಓದಿನ ಕೆಲಸ ಮಾಡಿದೆ ಎಂಬ ಸಮಾಧಾನ ಬೇರೆ. ಟೈಮ್‌ಟೇಬಲ್ ಬರೆಯುವುದು ಕೂಡ ಮುಂದೂಡುವ ಒಂದು ಬಗೆ ಅಂತ ಒಪ್ಪಿಕೊಂಡರೆ ಅರ್ಧ ಗೆದ್ದ ಹಾಗೆ.

1. ಸಾಲದ ಲೆಕ್ಕ ಬರೆಯಿರಿ

ಕಿರಾಣಿ ಅಂಗಡಿಯಲ್ಲಿ ಸಾಲದ ಪುಸ್ತಕ ಇರುತ್ತದಲ್ಲ, ಹಾಗೆ. ಬಾಕಿ ಇರುವುದೆಲ್ಲ ಒಂದೇ ಹಾಳೆಯಲ್ಲಿ, ಎಣಿಸಿ ಬರೆಯಿರಿ. “ಫಿಸಿಕ್ಸ್ ತುಂಬಾ ಬಾಕಿ” ಎಂದು ಬರೆದರೆ ಲೆಕ್ಕವಾಗಲಿಲ್ಲ. “ಫಿಸಿಕ್ಸ್ ರೆಕಾರ್ಡ್: 9 ಪ್ರಯೋಗ. ಕೆಮಿಸ್ಟ್ರಿ: 5. ಕನ್ನಡ ನೋಟ್ಸು: 3 ಪದ್ಯ. ಗಣಿತ: 2 ಅಧ್ಯಾಯದ ಅಭ್ಯಾಸದ ಲೆಕ್ಕ.” ಹೀಗೆ ಬರೆಯಬೇಕು. ಪಕ್ಕದಲ್ಲಿ ಕೊಡಬೇಕಾದ ತಾರೀಖು.

ಬರೆಯುವಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಆಗಲಿ. ಸೋವಿಯತ್ ಮನಶ್ಶಾಸ್ತ್ರಜ್ಞೆ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ತೋರಿಸಿದ್ದರು: ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸ ಜಾಸ್ತಿ ನೆನಪಿನಲ್ಲಿ ಉಳಿಯುತ್ತದೆ ಎಂದು. ಕ್ರಿಕೆಟ್ ನೋಡುವಾಗಲೂ, ಊಟ ಮಾಡುವಾಗಲೂ ರೆಕಾರ್ಡ್ ತಲೆಯಲ್ಲಿ ಗುಂಯ್‌ಗುಡುವುದು ಅದಕ್ಕೇ ಇರಬೇಕು. ಹಾಳೆಗೆ ಇಳಿಸಿದ ಮೇಲೆ ಗುಂಯ್ ಎನ್ನುವುದು ಸ್ವಲ್ಪ ತಗ್ಗುತ್ತದೆ. ಎಷ್ಟೋ ಸಲ ಅಂದುಕೊಂಡಿದ್ದಕ್ಕಿಂತ ಬಾಕಿ ಕಡಿಮೆಯೇ ಇರುತ್ತದೆ.

ಎಚ್ಚರ: ಇದಕ್ಕೆ 20 ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಗೀಟು ಹಾಕಿ, ಬಾಕ್ಸ್ ಮಾಡಿ, ಅಲಂಕಾರ ಮಾಡುವ ಹಾಳೆಯಲ್ಲ ಇದು.

2. ಒಂದೊಂದರ ಪಕ್ಕದಲ್ಲೂ ಕಾರಣ ಬರೆಯಿರಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ದಯವಿಟ್ಟು ಹಾರಿಸಬೇಡಿ, ಇಡೀ ಲೇಖನದಲ್ಲಿ ನನಗೆ ಮುಖ್ಯ ಅನಿಸುವುದು ಇದೇ.

“ನಾನು ಸೋಮಾರಿ” ಎಂಬುದನ್ನು ಕಾರಣ ಎಂದು ಬರೆಯುವಂತಿಲ್ಲ. ಸೋಮಾರಿ ಆದವನು ಕೆಲಸ ಬಿಟ್ಟು ಹಾಯಾಗಿ ಇರುತ್ತಾನೆ. ನೀವು ಹಾಯಾಗಿಲ್ಲ, ಅಲ್ವಾ? ಕೆಲಸವೂ ಆಗುತ್ತಿಲ್ಲ, ನೆಮ್ಮದಿಯೂ ಇಲ್ಲ. ಈ ವಿಷಯವನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ ಟಿಮೊತಿ ಪಿಚಿಲ್, ಫ್ಯೂಷಾ ಸಿರೋಯಿಸ್ ಅವರ ವಾದವೂ ಹೆಚ್ಚುಕಡಿಮೆ ಇದೇ. ಮುಂದೂಡುವವರಿಗೆ ಸಮಯದ ಲೆಕ್ಕ ಬರುವುದಿಲ್ಲ ಎಂಬುದಕ್ಕಿಂತ, ಆ ಕೆಲಸ ನೆನೆದ ಕೂಡಲೇ ಬರುವ ಕೆಟ್ಟ ಭಾವನೆಯಿಂದ ತಪ್ಪಿಸಿಕೊಳ್ಳುತ್ತಾರೆ ಎಂಬುದೇ ಸರಿ ಎನ್ನುತ್ತಾರೆ ಅವರು. ಆಗ ಪುಸ್ತಕ ಮುಚ್ಚಿದರೆ ತಕ್ಷಣ ಹಗುರವಾಗುತ್ತದೆ. ಆ ಹಗುರವೇ ಅಭ್ಯಾಸವಾಗಿಬಿಡುತ್ತದೆ.

ನಾನು ಕಂಡ ಹಾಗೆ ಕಾರಣ ಐದೇ. ಪ್ರತಿಯೊಂದಕ್ಕೂ ಮದ್ದು ಬೇರೆ.

“ಅರ್ಥವಾಗಿಲ್ಲ.” ಲ್ಯಾಬಿನಲ್ಲಿ ನಿಂತಿದ್ದೆ, ರೀಡಿಂಗ್ ತಗೊಂಡೆ, ಏನು ಮಾಡಿದೆ ಗೊತ್ತಿಲ್ಲ. ಇದಕ್ಕೆ ಛಲ ಸಾಲುವುದಿಲ್ಲ, ಹತ್ತು ನಿಮಿಷ ಯಾರಾದರೂ ಹೇಳಿಕೊಡಬೇಕು. ನಾಳೆ ಬ್ರೇಕ್‌ನಲ್ಲಿ ಯಾರ ಹತ್ತಿರ ಏನು ಕೇಳಬೇಕು ಎಂಬುದನ್ನು ಒಂದು ಪ್ರಶ್ನೆಯಾಗಿ ಬರೆದುಕೊಳ್ಳಿ. “ಏನೂ ಗೊತ್ತಿಲ್ಲ ಸರ್” ಎಂದು ಬಂದರೆ ಮೇಷ್ಟ್ರಿಗೂ ಎಲ್ಲಿಂದ ಶುರು ಮಾಡಬೇಕು ತಿಳಿಯುವುದಿಲ್ಲ. “ಮೀಟರ್ ಬ್ರಿಡ್ಜ್‌ನಲ್ಲಿ ಎರಡು ರೋಧಗಳನ್ನು ಅದಲುಬದಲು ಮಾಡಿ ಮತ್ತೆ ಯಾಕೆ ರೀಡಿಂಗ್ ತಗೋಬೇಕು?” ಎಂದು ಕೇಳಿ, ಎರಡು ನಿಮಿಷದಲ್ಲಿ ಮುಗಿಯುತ್ತದೆ.

“ದೊಡ್ಡದು.” ಎಲ್ಲಿ ಹಿಡಿಯಬೇಕೋ ತಿಳಿಯದು. ಇದಕ್ಕೆ ಮೂರನೇ ಹಂತ ಇದೆ.

“ಬೋರು.” ನಿಜವಾಗಿಯೂ ಬೋರೇ. ವಿಧಾನ ಬರೆಯುವುದರಲ್ಲಿ ಏನು ಮಜಾ ಇದೆ? ಇಂಥದ್ದನ್ನು ತುಂಡು ತುಂಡಾಗಿ, ಜೊತೆಗೊಬ್ಬರನ್ನು ಕೂರಿಸಿಕೊಂಡು ಮಾಡಿ. ಅಮ್ಮ ಅವರೆಕಾಯಿ ಬಿಡಿಸುತ್ತಾ ಎದುರಿಗೆ ಕೂತರೂ ಸಾಕು.

“ಸರಿಯಾಗಿ ಬರದಿದ್ದರೆ?” ಇದು ಚೆನ್ನಾಗಿ ಓದುವ ಮಕ್ಕಳ ಕಾಯಿಲೆ. ಅಕ್ಷರ ಮುತ್ತಿನಂತಿರಬೇಕು, ಒಂದು ಚಿತ್ತೂ ಇರಬಾರದು. ಹಾಗಾಗಿ ಮೊದಲ ಪುಟವೇ ಬರೆಯುವುದಿಲ್ಲ. ಇವರಿಗೆ ನಾನು ಹೇಳುವುದು, ಮೊದಲು ರಫ್ ಹಾಳೆಯಲ್ಲಿ ಕೆಟ್ಟದಾಗಿ ಬರೆಯಿರಿ. ಬೇಕಂತಲೇ ಕೆಟ್ಟದಾಗಿ.

“ಸಾಮಾನಿಲ್ಲ.” ನಗಬೇಡಿ, ಎಷ್ಟೋ ರೆಕಾರ್ಡು ನಿಂತಿರುವುದು ಎರಡು ಗ್ರಾಫ್ ಶೀಟಿಗಾಗಿ. ಡಯೋಡ್ ಪ್ರಯೋಗದ ಗ್ರಾಫ್ ಹಾಕಬೇಕು, ಶೀಟಿಲ್ಲ, ಅಂಗಡಿಗೆ ಹೋಗಬೇಕು, ಮಳೆ, ನಾಳೆ ಹೋದರಾಯ್ತು. ಹೀಗೆ ಮೂರು ವಾರ. ಸ್ಟೇಷನರಿಯಿಂದ ತರಬೇಕಾದ್ದನ್ನೆಲ್ಲ ಒಂದೇ ಸಲ ಪಟ್ಟಿ ಮಾಡಿ ತಂದುಬಿಡಿ.

3. ತುಂಡು ಮಾಡಿ

“ರೆಕಾರ್ಡ್ ಬರೆಯಬೇಕು” ಎಂಬುದು ಕೆಲಸವಲ್ಲ, ಕೆಲಸಗಳ ಮೂಟೆ. ಮೂಟೆಯನ್ನು ಹೊತ್ತುಕೊಂಡು ಯಾರೂ ಊಟ ಮಾಡುವುದಿಲ್ಲ. ಬಿಚ್ಚಿ ಅಳೆದುಕೊಳ್ಳಬೇಕು.

ಒಂದು ಪ್ರಯೋಗ ತಗೊಳ್ಳೋಣ. ಮೀಟರ್ ಬ್ರಿಡ್ಜ್ ಬಳಸಿ ತಂತಿಯ ರೋಧ ಕಂಡುಹಿಡಿಯುವುದು. ರೆಕಾರ್ಡ್ ಬುಕ್ ತೆರೆದರೆ ಎಡಗಡೆ ಗೀಟಿಲ್ಲದ ಬಿಳಿ ಪುಟ, ಬಲಗಡೆ ಗೀಟಿನ ಪುಟ. ಎಡಗಡೆ ಪೆನ್ಸಿಲ್ ಕೆಲಸ, ಬಲಗಡೆ ಪೆನ್ನಿನ ಕೆಲಸ. ಈಗ ತುಂಡುಗಳನ್ನು ನೋಡಿ:

- ಎಡ ಪುಟದಲ್ಲಿ ಸರ್ಕ್ಯೂಟ್ ಚಿತ್ರ: 10 ನಿಮಿಷ
- ಅಬ್ಸರ್ವೇಷನ್ ಬುಕ್ಕಿನಿಂದ, ಅಂದರೆ ಲ್ಯಾಬಿನಲ್ಲಿ ರೀಡಿಂಗ್ ಬರೆದುಕೊಂಡ ರಫ್ ಪುಸ್ತಕದಿಂದ, ಕೋಷ್ಟಕ ಇಳಿಸುವುದು: 10 ನಿಮಿಷ
- ಲೆಕ್ಕ: 20 ನಿಮಿಷ
- ಬಲ ಪುಟದಲ್ಲಿ ಉದ್ದೇಶ, ಉಪಕರಣ, ತತ್ವ, ವಿಧಾನ, ಫಲಿತಾಂಶ: 25 ನಿಮಿಷ

ಒಟ್ಟು 65 ನಿಮಿಷ. ಇದು ನನ್ನ ಅಂದಾಜು, ನಿಮ್ಮದು ಬೇರೆ ಇರಬಹುದು. ಮೊದಲ ಪ್ರಯೋಗ ಬರೆಯುವಾಗ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ.

ಈಗ ಇನ್ನೊಂದು ಲೆಕ್ಕ. ಹತ್ತು ಪ್ರಯೋಗ ಬಾಕಿ ಇದ್ದರೆ 650 ನಿಮಿಷ, ಹತ್ತಿರ ಹತ್ತಿರ ಹನ್ನೊಂದು ಗಂಟೆ. ಸಬ್ಮಿಷನ್ ಹಿಂದಿನ ರಾತ್ರಿ ಹತ್ತಕ್ಕೆ ಕೂತು ಬೆಳಗ್ಗೆ ಐದರವರೆಗೆ ಕಣ್ಣು ಮಿಟುಕಿಸದೆ ಬರೆದರೂ ಏಳೇ ಗಂಟೆ. “ಒಂದು ನೈಟ್ ಔಟ್ ಮಾಡಿದ್ರೆ ಮುಗಿಯುತ್ತೆ” ಎನ್ನುವವರು ಈ ಗುಣಾಕಾರ ಮಾಡಿರುವುದಿಲ್ಲ. ಅವರ ರೆಕಾರ್ಡಿನ ಆರನೇ ಪ್ರಯೋಗದಿಂದಾಚೆಗಿನ ಅಕ್ಷರ ನೋಡಿದರೆ ನನಗೆ ಎಷ್ಟು ಗಂಟೆ ರಾತ್ರಿಯಲ್ಲಿ ಬರೆದದ್ದು ಎಂದು ಹೇಳಲು ಬರುತ್ತದೆ.

ತುಂಡು ಎಷ್ಟು ಚಿಕ್ಕದಿರಬೇಕು? ಕೇಳಿದ ಕೂಡಲೇ “ಅಷ್ಟೇನಾ?” ಅನ್ನಿಸುವಷ್ಟು. ಇವತ್ತು ತೀರಾ ಬೇಜಾರಾಗಿದ್ದರೆ ತುಂಡನ್ನು ಇನ್ನೂ ಒಡೆಯಿರಿ: ಪುಟ ತೆರೆದು ಪ್ರಯೋಗದ ಹೆಸರು, ನಂಬರು, ತಾರೀಖು ಬರೆಯುವುದು. ಬರೆದು ನಿಲ್ಲಿಸಿದರೂ ತಪ್ಪಿಲ್ಲ. ಆದರೆ ಹೆಸರು ಬರೆದ ಕೈ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುವುದಿಲ್ಲ.

4. ಹೊಸ ಸಾಲ ಮೊದಲು, ಹಳೇ ಸಾಲ ಆಮೇಲೆ

ಇದು ಉಲ್ಟಾ ಅನ್ನಿಸಬಹುದು. ಎಲ್ಲರೂ ಮಾಡುವುದು ಹಳೆಯದನ್ನೆಲ್ಲ ತೀರಿಸಿ ಆಮೇಲೆ ಹೊಸದಕ್ಕೆ ಕೈಹಾಕೋಣ ಎಂದು. ಅಷ್ಟರಲ್ಲಿ ಹೊಸದೂ ಹಳೆಯದಾಗಿರುತ್ತದೆ.

ಇವತ್ತು ಲ್ಯಾಬ್ ಆಗಿದ್ದರೆ, ಇವತ್ತು ಸಂಜೆಯೇ ಆ ಪ್ರಯೋಗದ ಎಡ ಪುಟ ಮುಗಿಸಿ. ಬಲ ಪುಟ ನಾಳೆ ಆಗಲಿ, ಪರವಾಗಿಲ್ಲ. ಗ್ಯಾಲ್ವನೋಮೀಟರಿನ ಮುಳ್ಳು ಯಾವ ಕಡೆ ಹೋಯಿತು, ಯಾವ ರೀಡಿಂಗ್ ತಪ್ಪಾಗಿ ಮತ್ತೆ ತಗೊಂಡೆವು ಎಂಬುದು ಇವತ್ತು ನೆನಪಿರುತ್ತದೆ. ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ತನ್ನ ಮೇಲೇ ಪರೀಕ್ಷೆ ಮಾಡಿಕೊಂಡು 1885ರಲ್ಲಿ ಬರೆದದ್ದು ಇದನ್ನೇ: ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜೋರು, ಆಮೇಲೆ ನಿಧಾನ. ಮೂರು ವಾರ ಬಿಟ್ಟು ಅದೇ ಅಬ್ಸರ್ವೇಷನ್ ಬುಕ್ ತೆರೆದರೆ ನಿಮ್ಮದೇ ಅಂಕಿಗಳು ಬೇರೆಯವರದ್ದರ ಹಾಗೆ ಕಾಣುತ್ತವೆ. ಆಗ 65 ನಿಮಿಷದ ಕೆಲಸ ಎರಡು ಗಂಟೆಯದ್ದಾಗುತ್ತದೆ.

ಹಳೆಯದಕ್ಕೆ ವಾರಕ್ಕೆ ಮೂರು ಎಂದು ಇಟ್ಟುಕೊಳ್ಳಿ. ಒಂಬತ್ತು ಬಾಕಿ ಇದ್ದರೆ ಮೂರು ವಾರ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ನಮಗೆಲ್ಲ ಬಾಯಿಗೆ ಬರುತ್ತದೆ, ಕೈಗೆ ಬರುವುದು ಮಾತ್ರ ಕಷ್ಟ.

5. ‘ಯಾವಾಗ’ ಎಂಬುದನ್ನು ಯಾವುದಕ್ಕಾದರೂ ಕಟ್ಟಿಹಾಕಿ

“ಸಂಜೆ ಬರೀತೀನಿ” ಎಂದರೆ ಬರೆಯುವುದಿಲ್ಲ. ಸಂಜೆ ಎಂಬುದು ನಾಲ್ಕರಿಂದ ಎಂಟರವರೆಗೆ ಹರಡಿಕೊಂಡಿದೆ. “ಕಾಲೇಜಿಂದ ಬಂದು ಕಾಫಿ ಕುಡಿದು ಲೋಟ ತೊಳೆದಿಟ್ಟ ಕೂಡಲೇ, ಹಜಾರದ ಕಿಟಕಿ ಹತ್ತಿರ ಕೂತು, ಎಡ ಪುಟದ ಚಿತ್ರ ಬರೀತೀನಿ” ಎಂದರೆ ಬರೆಯುವ ಸಾಧ್ಯತೆ ಜಾಸ್ತಿ. ಪೀಟರ್ ಗೋಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞ 1999ರಲ್ಲಿ ಬರೆದ ಪ್ರಬಂಧದಿಂದ ಹೆಸರಾದ ಉಪಾಯ ಇದು. ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂದು ಮೊದಲೇ ಗಂಟು ಹಾಕಿಡುವುದು. ಲೋಟ ತೊಳೆದಿಟ್ಟಾಗ ಮತ್ತೆ ಯೋಚಿಸುವುದಕ್ಕೆ ಜಾಗವೇ ಇರುವುದಿಲ್ಲ.

ಅಡ್ಡಿಗಳಿಗೂ ಹೀಗೇ ಗಂಟು ಹಾಕಿ. ಕರೆಂಟ್ ಹೋದರೆ? ಆಗ ಬಾಯಿಪಾಠದ ಸೂತ್ರ ಹೇಳಿಕೊಳ್ಳುತ್ತೇನೆ. ನೆಂಟರು ಬಂದರೆ? ರಾತ್ರಿ ಊಟಕ್ಕೆ ಮುಂಚೆ ಒಂದು ತುಂಡು. ಬಸ್ಸು ತಡವಾಗಿ ಮನೆಗೆ ಬರುವುದೇ ಏಳು ಗಂಟೆಯಾದರೆ? ಹಳ್ಳಿಗಳಿಂದ ಬರುವ ಮಕ್ಕಳಿಗೆ ಇದು ದಿನದ ಪಾಡು. ಅಂಥವರು ಕಾಲೇಜಿನಲ್ಲೇ, ಬಸ್ಸಿಗೆ ಕಾಯುವ ಮುಕ್ಕಾಲು ಗಂಟೆಯಲ್ಲಿ ಲೈಬ್ರರಿಯಲ್ಲಿ ಒಂದು ಎಡ ಪುಟ ಮುಗಿಸಿ. ಬಸ್ಸಿನಲ್ಲಿ ಬರೆಯಲು ಹೋಗಬೇಡಿ, ನಮ್ಮ ರಸ್ತೆಯ ಗ್ರಾಫ್ ರೆಕಾರ್ಡಿನಲ್ಲಿ ಬರುತ್ತದೆ.

ಒಂದೇ ಕೋಣೆಯ ಮನೆ, ಟಿವಿ ಓಡುತ್ತಿದೆ, ತಮ್ಮ ಕಿರುಚುತ್ತಿದ್ದಾನೆ. ಏಕಾಂತ ಸಿಗುವವರೆಗೆ ಕಾದರೆ ಮಾರ್ಚ್ ಬರುತ್ತದೆ. ಚಿತ್ರ ಬರೆಯುವುದು, ಕೋಷ್ಟಕ ಇಳಿಸುವುದು ಗಲಾಟೆಯಲ್ಲೂ ಆಗುತ್ತದೆ. ಲೆಕ್ಕ, ತತ್ವ ಇವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ.

ಹಿಂದಿನ ರಾತ್ರಿಯೇ ಒಂದು ಸಣ್ಣ ಕೆಲಸ ಮಾಡಿಡಿ: ನಾಳೆ ಬರೆಯಬೇಕಾದ ಪುಟವನ್ನು ತೆರೆದು, ನಡುವೆ ಚೂಪು ಮಾಡಿದ ಪೆನ್ಸಿಲ್ ಇಟ್ಟು, ಸ್ಕೇಲನ್ನು ಗುರುತಿಗೆ ಸಿಕ್ಕಿಸಿ ಮಲಗಿ. ಬ್ಯಾಗಿನೊಳಗೆ, ಕಂದು ಹಾಳೆಯ ಕವರಿನಲ್ಲಿ, ಅಡಿಯಲ್ಲಿ ಬಿದ್ದಿರುವ ರೆಕಾರ್ಡನ್ನು ಹೊರಗೆ ತೆಗೆಯುವುದೇ ಎಷ್ಟೋ ಜನಕ್ಕೆ ದೊಡ್ಡ ಬೆಟ್ಟ.

6. ಇಪ್ಪತ್ತೈದು ನಿಮಿಷ

ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ನಿಮ್ಮದೇ ಗೋಳು ಅವನದ್ದೂ. ಅಡುಗೆಮನೆಯಲ್ಲಿ ಬಳಸುವ, ಟೊಮೆಟೊ ಆಕಾರದ ಟೈಮರ್ ಒಂದನ್ನು ತಿರುಗಿಸಿಟ್ಟು, ಅದು ಟ್ರಿಣ್ ಎನ್ನುವವರೆಗೆ ಮಾತ್ರ ಓದುತ್ತೇನೆ ಎಂದು ಶುರು ಮಾಡಿದ. ಇಟಾಲಿಯನ್ ಭಾಷೆಯಲ್ಲಿ ಟೊಮೆಟೊಗೆ ‘ಪೊಮೊಡೊರೊ’. ಈ ಕ್ರಮಕ್ಕೂ ಅದೇ ಹೆಸರಾಯಿತು. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಹೀಗೆ ನಾಲ್ಕು ಸುತ್ತಾದ ಮೇಲೆ ಉದ್ದನೆಯ ಬಿಡುವು.

ನಿಮಗೆ ಟೊಮೆಟೊ ಬೇಡ, ಗೋಡೆ ಗಡಿಯಾರ ಸಾಕು. 25 ಕಷ್ಟ ಎನಿಸಿದರೆ 10ರಿಂದ ಶುರು ಮಾಡಿ. ಬಿಡುವಿನಲ್ಲಿ ಎದ್ದು ನೀರು ಕುಡಿಯಿರಿ, ಅಂಗಳಕ್ಕೆ ಹೋಗಿ ಬನ್ನಿ. ಬಿಡುವಿನಲ್ಲಿ ರೀಲ್ಸ್ ನೋಡಿದರೆ ಐದು ನಿಮಿಷ ಐವತ್ತಾಗುತ್ತದೆ, ಇದನ್ನು ನಾನು ಹೇಳಬೇಕಾಗಿಲ್ಲ.

ಚಿತ್ರ ಬರೆಯುತ್ತಾ ಬರೆಯುತ್ತಾ ಮನಸ್ಸು ಹತ್ತಿಬಿಟ್ಟರೆ ಟೈಮರ್ ಆಯ್ತು ಎಂದು ನಿಲ್ಲಿಸಬೇಡಿ. ನಿಯಮ ಇರುವುದು ಕೂರಿಸುವುದಕ್ಕೆ, ಎಬ್ಬಿಸುವುದಕ್ಕಲ್ಲ. ಈ ವಿಷಯದಲ್ಲಿ ಆ ಇಟಲಿಯವನ ಶಿಸ್ತಿಗೂ ನನಗೂ ಸ್ವಲ್ಪ ಭಿನ್ನಾಭಿಪ್ರಾಯ ಇದೆ.

7. ಫೋನನ್ನು ಇನ್ನೊಂದು ಕೋಣೆಗೆ ಕಳಿಸಿ

ಸೈಲೆಂಟ್ ಮಾಡುವುದಲ್ಲ, ಮಗುಚಿ ಇಡುವುದಲ್ಲ. ಇನ್ನೊಂದು ಕೋಣೆ. ಒಂದೇ ಕೋಣೆ ಇದ್ದರೆ ಅಟ್ಟದ ಮೇಲೆ, ಇಲ್ಲವೇ ಅಮ್ಮನ ಕೈಯಲ್ಲಿ.

“ನೋಟ್ಸ್ ಪಿಡಿಎಫ್ ವಾಟ್ಸಾಪ್ ಗ್ರೂಪಲ್ಲೇ ಇದೆ ಸರ್” ಎನ್ನುತ್ತಾರೆ. ನಿಜ, ಅದಕ್ಕೂ ದಾರಿ ಇದೆ. ಕೂರುವ ಮೊದಲು ಬೇಕಾದ ಎರಡು ಪುಟ ಡೌನ್‌ಲೋಡ್ ಮಾಡಿ, ಡೇಟಾ ಆಫ್ ಮಾಡಿ, ಆಮೇಲೆ ಮಾತ್ರ ಫೋನ್ ಹತ್ತಿರ ಇರಲಿ. ಮೇಲಾಗಿ ಜೆರಾಕ್ಸ್ ಮಾಡಿಸಿಕೊಳ್ಳಿ. ಟೈಮರ್‌ಗೂ ಫೋನ್ ಬೇಡ ಎಂದದ್ದು ಇದಕ್ಕೇ. ಎಷ್ಟು ಹೊತ್ತಾಯಿತು ಎಂದು ನೋಡಲು ಎತ್ತಿಕೊಂಡವರು ಅಲ್ಲಿ ಮೂರು ಮೆಸೇಜ್ ನೋಡದೆ ಇಡುವುದಿಲ್ಲ.

8. ಗಡುವನ್ನು ನೀವೇ ಒಡೆಯಿರಿ

ಕಾಲೇಜಿನವರು ‘ಜನವರಿ ಕೊನೆಗೆ ರೆಕಾರ್ಡ್ ಸಬ್ಮಿಟ್ ಮಾಡಿ’ ಎನ್ನುತ್ತಾರೆ. ಕೊನೆಯ ತಾರೀಖು ಒಂದೇ ಇದ್ದರೆ ಕೆಲಸವೂ ಅದರ ಹಿಂದಿನ ದಿನವೇ ಶುರುವಾಗುತ್ತದೆ. ಡ್ಯಾನ್ ಅರಿಯೆಲಿ, ಕ್ಲಾಸ್ ವರ್ಟನ್‌ಬ್ರೋಕ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಡುವುಗಳನ್ನು ಸಮನಾಗಿ ಹಂಚಿ ಕೊಟ್ಟವರ ಕೆಲಸ ಎಲ್ಲವನ್ನೂ ಕೊನೆಯ ದಿನಕ್ಕೆ ಬಿಟ್ಟವರಿಗಿಂತ ಚೆನ್ನಾಗಿತ್ತು. ತಾವೇ ಗಡುವು ಹಾಕಿಕೊಂಡವರು ಇವರಿಬ್ಬರ ನಡುವೆ. ಹಾಗಾಗಿ ನೀವು ಹಾಕಿಕೊಂಡ ಗಡುವನ್ನು ಇನ್ನೊಬ್ಬರ ಬಾಯಿಗೆ ಹಾಕಿ. “ಪ್ರತಿ ಶುಕ್ರವಾರ ಎರಡು ಪ್ರಯೋಗಕ್ಕೆ ಸಹಿ ಹಾಕಿಸಿಕೊಳ್ಳಬಹುದಾ ಸರ್?” ಎಂದು ಕೇಳಿ ನೋಡಿ. ಬೇಡ ಎನ್ನುವ ಮೇಷ್ಟ್ರನ್ನು ನಾನು ಕಂಡಿಲ್ಲ. ನಲವತ್ತು ರೆಕಾರ್ಡನ್ನು ಒಂದೇ ದಿನ ನೋಡುವುದು ನಮಗೂ ಶಿಕ್ಷೆಯೇ.

ಎಷ್ಟು ದಿನ ಹಿಡಿಯುತ್ತದೆ ಎಂಬ ನಿಮ್ಮ ಅಂದಾಜಿಗೆ ಅರ್ಧ ಸೇರಿಸಿ. 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮೂವರು ಕೊನೆಯ ವರ್ಷದ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ‘ಎಷ್ಟು ದಿನ ಬೇಕು?’ ಎಂದು ಕೇಳಿದರು. ಸರಾಸರಿ ಉತ್ತರ 34 ದಿನ. ನಿಜವಾಗಿ ಹಿಡಿದದ್ದು ಸುಮಾರು 55. ಎಲ್ಲವೂ ಕೆಟ್ಟರೆ ಎಷ್ಟಾಗಬಹುದು ಎಂದು ಕೇಳಿದಾಗಲೂ ಅವರು ಹೇಳಿದ್ದು 49ರ ಒಳಗೇ. ಎಲ್ಲರೂ ಇಷ್ಟೇ, ನೀವೊಬ್ಬರೇ ಅಲ್ಲ.

ಕಾಲು ಜಾರುವ ಜಾಗಗಳು

ಗೆಳೆಯನ ರೆಕಾರ್ಡ್ ನೋಡಿ ಇಳಿಸುವುದು. ಬರಹ ಬೇಗ ಆಗುತ್ತದೆ, ಒಪ್ಪುತ್ತೇನೆ. ಆದರೆ ಇಬ್ಬರ ರೀಡಿಂಗೂ ದಶಮಾಂಶದವರೆಗೆ ಒಂದೇ ಇದ್ದರೆ ಗೊತ್ತಾಗದೆ ಇರುತ್ತದಾ? ಅವನು ಮಾಡಿದ ತಪ್ಪೂ ನಿಮ್ಮದರಲ್ಲಿ ಬಂದಿರುತ್ತದೆ. ಹೊರಗಿನಿಂದ ಬಂದ ಪರೀಕ್ಷಕರು ವೈವಾದಲ್ಲಿ, ಅಂದರೆ ಬಾಯಿಪ್ರಶ್ನೆಯಲ್ಲಿ, “ಈ ಬೆಲೆ ಹೇಗೆ ಬಂತು?” ಎಂದು ಕೇಳಿದಾಗ ಇಳಿಸಿದವರ ಮುಖ ನೋಡಬೇಕು.

‘ಮೋಟಿವೇಷನ್’ ವಿಡಿಯೊ ನೋಡುವುದು. ಮುಕ್ಕಾಲು ಗಂಟೆ ನೋಡಿ ಮೈ ಬಿಸಿಯಾಗುತ್ತದೆ, ಪುಟ ಮಾತ್ರ ಖಾಲಿಯೇ. ಹುರುಪು ಬಂದ ಮೇಲೆ ಕೂರೋಣ ಎಂದರೆ ಆಗದು. ಕೂತ ಮೇಲೆ ಬರುವಂಥದ್ದು ಅದು.

‘ಎಕ್ಸಾಮ್-2 ಇದೆಯಲ್ಲ.’ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡಕ್ಕೂ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದವು. ನಿಜಕ್ಕೂ ಒಳ್ಳೆಯದು, ಒಂದು ದಿನ ಜ್ವರ ಬಂದ ಮಗುವಿನ ವರ್ಷ ಹಾಳಾಗುವುದಿಲ್ಲ. ಆದರೆ ಇದನ್ನೇ ‘ನಾಳೆ ಬಾ’ ಬೋರ್ಡ್ ಮಾಡಿಕೊಂಡವರನ್ನು ನೋಡುತ್ತಿದ್ದೇನೆ. ಪಿಯುಸಿ ಎಕ್ಸಾಮ್-1 ಮುಗಿಯುತ್ತಲೇ ಸಿಇಟಿ ಓದು ಬಂದು ಕೂತಿರುತ್ತದೆ. ಎರಡನ್ನೂ ಒಟ್ಟಿಗೆ ಹೊರುವುದು ಎಷ್ಟು ಕಷ್ಟ ಎಂದು ಹೊತ್ತವರನ್ನೇ ಕೇಳಿ.

ಒಂದು ದಿನ ತಪ್ಪಿತು, ಎಲ್ಲಾ ಹೋಯ್ತು ಎಂದುಕೊಳ್ಳುವುದು. ತಪ್ಪುತ್ತದೆ. ಹಬ್ಬ ಬರುತ್ತದೆ, ಮದುವೆ ಬರುತ್ತದೆ, ಸುಮ್ನೆ ಮನಸ್ಸಿಲ್ಲದ ದಿನವೂ ಬರುತ್ತದೆ. ಕೆನಡಾದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನು ತಾವೇ ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈದುಕೊಂಡರೆ ಆ ಪುಸ್ತಕ ನೋಡಿದಾಗೆಲ್ಲ ಬೈಗುಳವೇ ನೆನಪಾಗುತ್ತದೆ, ಇನ್ನೂ ದೂರ ಓಡುತ್ತೀರಿ. ಅಪ್ಪ-ಅಮ್ಮಂದಿರೂ ಇದನ್ನು ದಯವಿಟ್ಟು ಗಮನಿಸಿ. “ಪಕ್ಕದ ಮನೆ ಹುಡುಗಿ ಆಗಲೇ ಮುಗಿಸಿದ್ಲಂತೆ” ಎಂದರೆ ರೆಕಾರ್ಡಿನ ಒಂದು ಗೀಟೂ ಮುಂದೆ ಹೋಗುವುದಿಲ್ಲ.

ಇನ್ನೊಂದು ಮಾತು. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಮೊದಲು ಇಷ್ಟವಿದ್ದ ಆಟ-ಗೆಳೆತನವೂ ಬೇಡವಾಗಿದ್ದರೆ ಅದು ಈ ಹಾಳೆ-ಪೆನ್ಸಿಲ್‌ನಿಂದ ಸರಿಹೋಗುವಂಥದ್ದಲ್ಲ. ಮನೆಯಲ್ಲಿ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದುಡ್ಡಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ನಾಳೆಯೇ ಸಬ್ಮಿಷನ್, ಈಗ ಓದುತ್ತಿದ್ದೀರಾ?

ಇಂಥವರೇ ಜಾಸ್ತಿ ಇರುತ್ತೀರಿ, ಗೊತ್ತು. ಸರಿ, ಬೆಂಕಿ ಬಿದ್ದಾಗಲೇ ಬಾವಿ ತೋಡೋಣ.

ಗಡಿಯಾರ ನೋಡಿ. ಮಲಗುವ ಮುಂಚೆ ಎಷ್ಟು ಗಂಟೆ ಇದೆ? ಸಂಜೆ ಆರರಿಂದ ಹನ್ನೊಂದೂವರೆವರೆಗೆ ಎಂದರೆ, ಊಟ ಬಿಟ್ಟು ಐದು ಗಂಟೆ. ನಾಲ್ಕು ಪ್ರಯೋಗ ಆಗುತ್ತದೆ, ಹತ್ತು ಆಗುವುದಿಲ್ಲ. ಹತ್ತನ್ನೂ ಅರ್ಧರ್ಧ ಮಾಡಬೇಡಿ. ನಾಲ್ಕನ್ನು ಪೂರ್ತಿ ಮಾಡಿ. ಯಾವ ನಾಲ್ಕು? ರೀಡಿಂಗ್ ಸರಿಯಾಗಿರುವ, ಅರ್ಥವಾಗಿರುವ ನಾಲ್ಕು. ನಾಲ್ಕಕ್ಕೂ ಎಡ ಪುಟದ ಚಿತ್ರಗಳನ್ನು ಒಟ್ಟಿಗೆ ಬರೆದುಬಿಡಿ, ಆಮೇಲೆ ಕೋಷ್ಟಕಗಳೆಲ್ಲ ಒಟ್ಟಿಗೆ. ಪೆನ್ಸಿಲ್ ಕೆಳಗಿಟ್ಟು ಪೆನ್ ಎತ್ತುವ ತಾಪತ್ರಯ ಕಡಿಮೆ, ಕೈಯೂ ಓಡುತ್ತದೆ. ಇಂಡೆಕ್ಸ್ ಪುಟದಲ್ಲಿ ಮಾಡದ್ದರ ಹೆಸರನ್ನೂ ಬರೆದು, ಪುಟ ಬಿಟ್ಟು ಬನ್ನಿ. ಹನ್ನೊಂದೂವರೆಗೆ ಮಲಗಿ.

ಬೆಳಗ್ಗೆ ಕಾಲೇಜಿಗೆ ರಜೆ ಹಾಕಬೇಡಿ. ಜ್ವರ ಎಂದು ಹೇಳಿಕಳಿಸಬೇಡಿ, ಸಬ್ಮಿಷನ್ ದಿನ ಎಷ್ಟು ಮಕ್ಕಳಿಗೆ ಜ್ವರ ಬರುತ್ತದೆ ಎಂಬ ಲೆಕ್ಕ ನಮ್ಮ ಹತ್ತಿರ ಇದೆ. ಕ್ಲಾಸಿಗೆ ಮುಂಚೆ ಸ್ಟಾಫ್ ರೂಮಿಗೆ ಹೋಗಿ, ರೆಕಾರ್ಡ್ ತೆರೆದು ತೋರಿಸಿ, “ಸರ್, ಹತ್ತರಲ್ಲಿ ನಾಲ್ಕು ಆಗಿದೆ. ಆರು ಬಾಕಿ. ಶನಿವಾರ ಮೂರು, ಮುಂದಿನ ಬುಧವಾರ ಮೂರು ತರ್ತೀನಿ” ಎನ್ನಿ. ಬೈಗುಳ ಬರಬಹುದು, ಒಂದು ನಿಮಿಷದ್ದು. ನಾನಾದರೆ ಬೈದು ಮುಗಿಸಿ ನಾಲ್ಕಕ್ಕೆ ಸಹಿ ಹಾಕುತ್ತೇನೆ, ನಿಮ್ಮ ಎರಡು ತಾರೀಖನ್ನೂ ಇಂಡೆಕ್ಸ್ ಪುಟದ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಡುತ್ತೇನೆ.